ಬೆಂದ ಕಾಳಿಗೆ ಮನೆಯಿಲ್ಲ

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ರುದ್ರಪ್ಪ ನಮ್ಮ ಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಗೋಡೆ ಗಡಿಯಾರದ ಕೆಳಗೇ ನಿಂತಿದ್ದೆನಾದ್ದರಿಂದ ನಿಮಿಷದ ಮುಳ್ಳು ಎಲ್ಲಿತ್ತೆಂಬುದು ನನಗೆ ಇವತ್ತಿಗೂ ಕಾಣುತ್ತದೆ. ಮೇಜಿನ ಮೇಲೆ ಎರಡು ತಗಡಿನ ಡಬ್ಬಿಗಳಿದ್ದವು, ಒಂದಕ್ಕೆ ಹಳದಿ ಬಟ್ಟೆ, ಇನ್ನೊಂದಕ್ಕೆ ಕೆಂಪು ಬಟ್ಟೆ ಸುತ್ತಿತ್ತು. ಎರಡರ ಮುಚ್ಚಳವೂ ತೆಗೆದಿತ್ತು. ಮೇಷ್ಟ್ರು ಆಗತಾನೆ ಎಣಿಕೆ ಶುರುಮಾಡಲು ಪಂಚೆ ಮೇಲೆ ಕಟ್ಟಿಕೊಳ್ಳುತ್ತಿದ್ದರು. ಅವರು ಅದನ್ನು ಹನ್ನೊಂದಕ್ಕೇ ಶುರುಮಾಡಬಹುದಿತ್ತು. ಹುಡುಗರಿಗೆ ನೀರು ಕುಡಿದು ಬರಲು ಹತ್ತು ನಿಮಿಷ ಬಿಟ್ಟರು. ಆ ಹತ್ತು ನಿಮಿಷವನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಹಿಂದಕ್ಕೆ ತಳ್ಳಿದ್ದೇನೋ ಲೆಕ್ಕವಿಲ್ಲ.

ಮೇಷ್ಟ್ರು ರಾಯದುರ್ಗದವರು, ನೇಕಾರರ ಮನೆಯವರು. ನಮ್ಮ ಶಾಲೆ ಮಡಕಶಿರದಿಂದ ರೊಳ್ಳಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿತ್ತು, ಎಂಟನೇ ತರಗತಿಯವರೆಗೆ. ಅವರು ಹೆಡ್‌ಮಾಸ್ಟರು. ನಾನು ಅನಂತಪುರದಲ್ಲಿ ಕಾಲೇಜು ಮುಗಿಸಿ, ಮೈಮೇಲೆ ಒಂದೇ ಒಂದು ಕೋಟು ಹಾಕಿಕೊಂಡು ಸೇರಿದ್ದ ಸಹಾಯಕ. ಮೊದಲ ದಿನ ಅವರು ನನ್ನ ಕೋಟನ್ನು ನೋಡಲಿಲ್ಲ, ಅದರ ತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ನೂಲು ಚಲೋ ಐತ್ರಿ. ಹೊಲಿಗಿ ಅವಸರದಾಗ ಆಗೇತಿ," ಅಂದರು. ಮನುಷ್ಯರನ್ನೂ ಹಾಗೇ ನೋಡುತ್ತಿದ್ದರೆಂದು ನನಗೆ ನಿಧಾನವಾಗಿ ತಿಳಿಯಿತು.

ಪಾಠ ಮಾಡುವಾಗ ಎಡಗೈಯಲ್ಲಿ ಒಂದು ಎಳೆ ದಾರ ಇರುತ್ತಿತ್ತು. ಗಂಟು ಹಾಕುವುದು, ಒಂದೇ ಕೈಯಲ್ಲಿ ಬಿಚ್ಚುವುದು. ಹುಡುಗರು ಪಾಠ ಬಿಟ್ಟು ಆ ಕೈಯನ್ನೇ ನೋಡುತ್ತಿದ್ದರು. ನಮ್ಮ ಕಡೆಯ ರಾಗಿಮುದ್ದೆಯ ಮೇಲೆ ಅವರಿಗೆ ಒಂದು ದೂರಿತ್ತು. "ನಿಮ್ಮ ಮುದ್ದಿ ಅಗಿಯಂಗಿಲ್ಲ, ನುಂಗಬೇಕು ಅಂತೀರಿ. ಅಗೀಲಾರದ್ದನ್ನ ನುಂಗೋದು ನಮ್ಮಿಂದ ಆಗಂಗಿಲ್ಲರಿ." ಅದನ್ನು ಊಟದ ಬಗ್ಗೆ ಮಾತ್ರ ಹೇಳುತ್ತಿರಲಿಲ್ಲ ಅನ್ನಿಸುತ್ತದೆ.

ಮದರಾಸು ಪ್ರಾಂತ್ಯದಲ್ಲಿ ಆಗ ವೋಟು ಎಲ್ಲರಿಗೂ ಇರಲಿಲ್ಲ. ಕಂದಾಯ ಕಟ್ಟುವವರಿಗೆ ಇತ್ತು. ಓದುಬರಹ ಬಲ್ಲೆ ಎಂದು ತೋರಿಸಿ ಅರ್ಜಿ ಹಾಕಿದವರಿಗೆ ಇತ್ತು. ಅಕ್ಷರ ಬಾರದ ರೈತರಿಗೆ ತಿಳಿಯಲೆಂದು ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಬಣ್ಣದ ಪೆಟ್ಟಿಗೆ ಇಡುತ್ತಿದ್ದರು. ಆ ಸಲ ನಮ್ಮ ಕಡೆ ಖಾದಿಯವರದು ಹಳದಿ. ಕೆಂಪು ಪೆಟ್ಟಿಗೆ ನಮ್ಮೂರ ದೊಡ್ಡಮನೆ ಯಜಮಾನರದು. ಸುತ್ತಿನ ಹೊಲಗಳಲ್ಲಿ ಅರ್ಧಕ್ಕೆ ಹೆಚ್ಚು ಅವರವು, ಗುತ್ತಿಗೆಗೆ ಮಾಡುವವರು ನಮ್ಮ ಹುಡುಗರ ಅಪ್ಪಂದಿರು. ರುದ್ರಪ್ಪ ಆ ಮನೆಯ ಪಾರುಪತ್ಯಗಾರರು.

ಚುನಾವಣೆಗೆ ಹನ್ನೆರಡು ದಿನವಿದ್ದಾಗ ಎಂಟನೇ ತರಗತಿಯ ಒಬ್ಬ ಹುಡುಗ ಕೇಳಿದ. ಕೆಂಚಪ್ಪನ ಮಗ ಈರಣ್ಣ.

"ಸಾ, ನಮ್ಮಪ್ಪ ವೋಟು ಹಾಕ್ತಾನೆ. ಎಲ್ಲಿಗೆ ಹಾಕ್ಬೇಕು ಅಂತ ರುದ್ರಪ್ಪಾರು ಹೇಳವ್ರೆ. ಹಂಗಾದ್ರೆ ಅದು ನಮ್ಮಪ್ಪನ ವೋಟೋ ಅವರ ವೋಟೋ?"

ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. ಕೈಯ ದಾರ ನಿಂತಿತು. "ನಿಮಗ ವೋಟು ಬಂದಾಗ ಹೇಳ್ತೀನಿ," ಅಂದು ಪಾಠ ಮುಂದುವರಿಸಿದರು.

ಸಂಜೆ ನನ್ನನ್ನು ಕರೆದು ಕೂರಿಸಿದರು. "ಈ ಚುನಾವಣಿ ಇವತ್ತಿಂದಲ್ಲರಿ. ಹತ್ತು ವರ್ಷದ ಹಿಂದ ಹಾಸು ಹಾಕಿದ್ದನ್ನ ಇವತ್ತು ನೇಯಾಕ ಹತ್ಯಾರ. ಮುಂದಿನ ಚುನಾವಣಿ ಹಾಸು ನಮ್ಮ ಎಂಟನೇ ತರಗತಿಯೊಳಗ ಕುಂತೈತಿ. ಅದು ಯಾವ ಬಣ್ಣ ಹಿಡೀತೈತೋ ನನಗ ಗೊತ್ತಿಲ್ಲ, ನನಗ ಬ್ಯಾಡ. ಆದ್ರ ಯಾರೂ ನೋಡಲಾರದಂಗ ಒಂದು ಸಲ ತಾವೇ ಹಾಕಿದ್ದು ಆ ಕೈಗೆ ನೆನಪಿರಬೇಕು."

ಹಾಗೆ ಹುಟ್ಟಿದ್ದು ನಮ್ಮ ಶಾಲೆಯ ಚುನಾವಣೆ. ಊರ ಚುನಾವಣೆಯ ಹಳದಿ, ಕೆಂಪು ಬಣ್ಣಗಳಲ್ಲೇ ಬಟ್ಟೆಯನ್ನು ಅವರೇ ಅದ್ದಿದರು. ಚೀಟಿಗೆ ಕಾಗದ ಸಾಲದು, ಹುಡುಗರೆಲ್ಲ ಸ್ಲೇಟಿನವರು. "ಒಬ್ಬೊಬ್ಬ ಮನಿಯಿಂದ ಒಂದು ಕಾಳು ತರ್ಲಿ. ಕಾಳೇ ವೋಟು," ಅಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಇದ್ದ ಸಂತೋಷ ನೋಡಬೇಕಿತ್ತು. ನೇಕಾರರಿಗೆ ಕಾಳೆಂದರೆ ಕಾಳು, ಸಂತೆಯಲ್ಲಿ ಕೊಂಡು ತರುವ ವಸ್ತು.

ನಾನು ರೊಳ್ಳದ ಆಚೆಯ ಒಕ್ಕಲು ಮನೆಯವನು. ನಮ್ಮವ್ವ ಕಣ್ಣು ಮುಚ್ಚಿಕೊಂಡು ಬೆರಳಿಂದಲೇ ಇದು ನಮ್ಮ ಅವರೆ, ಇದು ಪಕ್ಕದ ಮನೆಯದು ಅನ್ನುತ್ತಿದ್ದಳು. ಬಿತ್ತನೆಯ ಕಾಳನ್ನು ಒಂದೊಂದು ಮನೆಯವರೂ ತಲೆತಲಾಂತರದಿಂದ ಆರಿಸಿ ಇಟ್ಟುಕೊಂಡು ಬಂದಿರುತ್ತಾರೆ. ಅದಕ್ಕೆ ಮನೆಯ ಗುರುತಿರುತ್ತದೆ. ಆ ಮಾತು ನನ್ನ ಬಾಯಿಗೆ ಬಂತು. ಬಂದದ್ದು ನಿಜ. ಆದರೆ ಕಾಲೇಜು ಓದಿ ಬಂದವನು ಮೊದಲ ವರ್ಷದಲ್ಲೇ ಅವರೆಕಾಳಿನ ಮಾತಾಡುವುದೇ ಅನ್ನಿಸಿ ಸುಮ್ಮನಾದೆ. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಅವರು ಬೇರೆ ಮಾತಿಗೆ ಹೋದರು.

ಶನಿವಾರ ಹುಡುಗರು ಮುಷ್ಟಿ ಮುಚ್ಚಿಕೊಂಡು ಬಂದರು. ಶುರುವಾಗುವ ಮೊದಲು ಹೊರಗೆ ಬೇವಿನ ಮರದ ಕೆಳಗೆ ಗುಂಪುಗಟ್ಟಿ ಏನೋ ಗುಸುಗುಸು ಮಾಡಿದರು. ನಾನು ಗದರಿಸಿ ಒಳಗೆ ಕರೆದೆ. ಒಬ್ಬೊಬ್ಬನೇ ಪರದೆಯ ಹಿಂದೆ ಹೋಗಿ ಕಾಳು ಹಾಕಿ ಬಂದ. ದೊಡ್ಡಮನೆ ಯಜಮಾನರ ತಮ್ಮನ ಮಗನೂ ಅದೇ ತರಗತಿಯಲ್ಲಿದ್ದ, ಅವನೂ ಸಾಲಿನಲ್ಲಿ ನಿಂತು ಹೋಗಿ ಬಂದ. ಮೇಷ್ಟ್ರು ಎಲ್ಲರ ಮುಂದೆ ಹೇಳಿದರು: "ಯಾರು ಎಲ್ಲಿ ಹಾಕಿದಿರಿ ಅಂತ ದೇವರಿಗೂ ಹೇಳಬ್ಯಾಡ್ರಿ. ಇದು ನಾ ನಿಮಗ ಕೊಟ್ಟ ಮಾತು, ನೀವು ಒಬ್ಬರಿಗೊಬ್ಬರು ಕೊಟ್ಟ ಮಾತು."

ಹನ್ನೊಂದು ಗಂಟೆ ಹತ್ತು ನಿಮಿಷ.

ರುದ್ರಪ್ಪ ಬಂದಿದ್ದು ಬೇರೆ ಕೆಲಸಕ್ಕೆ, ಯಜಮಾನರ ಮೆರವಣಿಗೆಗೆ ಹಾಡುವ ಹುಡುಗರು ಬೇಕೆಂದು ಕೇಳಲು. ಡಬ್ಬಿ ಕಂಡು ಏನೆಂದು ವಿಚಾರಿಸಿದರು. ಮೇಷ್ಟ್ರು ಮುಚ್ಚಿಡದೆ ಹೇಳಿದರು. ರುದ್ರಪ್ಪ ನಗುತ್ತಾ ಹಳದಿ ಡಬ್ಬಿಗೆ ಕೈ ಹಾಕಿ ಒಂದು ಕಾಳು ತೆಗೆದರು. ಬೆಳಕಿಗೆ ಹಿಡಿದರು. ನಗು ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು.

"ಹೊಟ್ಟೆ ಮೇಲೆ ಕಂದು ಚುಕ್ಕೆ ಐತಲ್ಲ ಮೇಷ್ಟ್ರೇ. ಇದು ಕೆಂಚನ ಮನೆ ಅಲಸಂದೆ. ಈ ಊರಾಗೆ ಇನ್ಯಾರೂ ಬೆಳೆಯಾಕಿಲ್ಲ."

ಮೇಷ್ಟ್ರ ಕೈಯ ದಾರ ಕೆಳಗೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ನಾನು ಈರಣ್ಣನ ಕಡೆ ನೋಡಬಾರದೆಂದುಕೊಂಡೇ ನೋಡಿದೆ. ಅವನು ಕಿಟಕಿಯ ಆಚೆ ನೋಡುತ್ತಿದ್ದ.

"ಆಟರಿ, ಹುಡುಗರ ಆಟ," ಅಂದರು ಮೇಷ್ಟ್ರು.

"ಆಟವೇ. ಮಗನ ಬಾಯಾಗೆ ಬಂದಿದ್ದು ಅಪ್ಪನ ಒಲೆ ಮುಂದೆ ಹುಟ್ಟಿರ್ತದೆ, ಅಷ್ಟೇಯ. ಮಿಕ್ಕಿದ್ದು ನಂಗೆ ಗೊತ್ತಾಗಾಕಿಲ್ಲ. ನಮ್ಮ ಕಣಜದ ತಾತನ್ನ ಕರ್ಕೊಂಡು ಬತ್ತೀನಿ. ಅವನು ಕಾಳು ನೋಡಿ ಗೋತ್ರ ಹೇಳ್ತಾನೆ." ಹೆಗಲ ಮೇಲಿನ ವಲ್ಲಿ ತೆಗೆದು ಎರಡೂ ಡಬ್ಬಿಗಳನ್ನು ಸೇರಿಸಿ ಬಿಗಿಯಾಗಿ ಗಂಟು ಹಾಕಿದರು. "ಈ ಗಂಟು ಯಾರೂ ಮುಟ್ಟಬಾರ್ದು. ಎರಡು ಗಂಟೆಗೆ ಬತ್ತೀವಿ." ಹೋಗುವಾಗ ಜೊತೆಗೆ ಬಂದಿದ್ದ ಆಳನ್ನು ಶಾಲೆಯ ಗೇಟಿನಲ್ಲಿ ದೊಣ್ಣೆ ಕೊಟ್ಟು ಕೂರಿಸಿದರು.

ಮೂವತ್ತೇಳು ಹುಡುಗರು. ಯಾರ ಮನೆ ಯಾವ ಕಡೆ ವಾಲಿದೆಯೆಂದು ಎರಡು ಗಂಟೆಗೆ ದೊಡ್ಡಮನೆಗೆ ತಿಳಿಯುತ್ತದೆ. ಯುಗಾದಿ ಗುತ್ತಿಗೆಗಳು ಬದಲಾಗುವ ಕಾಲ. ಗೇಟಿನಲ್ಲಿ ಆ ಆಳು ದೊಣ್ಣೆಯನ್ನು ಕಲ್ಲಿಗೆ ತಟ್ಟುತ್ತಿದ್ದ. ಟಕ್, ಸ್ವಲ್ಪ ಬಿಟ್ಟು, ಟಕ್. ಈಗಲೂ ಎಲ್ಲಾದರೂ ಕಮ್ಮಾರರ ಅಂಗಡಿಯ ಮುಂದೆ ಹಾಯುವಾಗ ನನ್ನ ಕಾಲು ತಾನಾಗಿ ನಿಲ್ಲುತ್ತದೆ.

"ಸಾರ್, ನನಗೆ ಗೊತ್ತಿತ್ತು," ಅಂದೆ. ಹೇಳಬೇಕಾದ ದಿನ ಹೇಳದೆ, ಹೇಳಿ ಪ್ರಯೋಜನವಿಲ್ಲದ ಹೊತ್ತಿನಲ್ಲಿ ಹೇಳಿದೆ.

ಅವರು ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬಾವಿಗೆ ಸುರಿದುಬಿಡೋಣ," ಅಂದೆ.

"ಬಾವಿ ಗೇಟಿನ ಆಚೆ ಐತ್ರಿ. ಅಂವ ನೋಡ್ತಾನ."

"ಎರಡೂ ಡಬ್ಬಿ ಬೆರೆಸಿಬಿಡೋಣ."

"ಬೆರೆಸಿದ್ರ ಒಬ್ಬೊಬ್ಬನ್ನ ನಿಲ್ಲಿಸಿ ನಿನ್ನ ಕಾಳು ಯಾವ ಡಬ್ಬಿದು ಅಂತ ಕೇಳ್ತಾರ. ಹುಡುಗ ಹೊಡೆತಕ್ಕ ಹೇಳ್ತಾನ. ಕಾಳೇ ಇರಬಾರದು." ಗಂಟನ್ನು ಬೆರಳಿಂದ ತಡವಿ ನೋಡಿದರು. "ನೋಡ್ರಿ, ಇವತ್ತು ಮುಂಜಾನಿ ಹುಡುಗರಿಗಂತ ಎರಡು ಸೇರು ಹುರುಳಿ ನೆನಿ ಹಾಕೀನಿ."

ನನಗೆ ಅರ್ಥವಾಗಲು ಹೊತ್ತು ಬೇಕಾಯಿತು. ಅಷ್ಟರಲ್ಲಿ ಅವರು ರುದ್ರಪ್ಪನ ಗಂಟನ್ನು ಒಂದೇ ಕೈಯಲ್ಲಿ ಬಿಚ್ಚಿದ್ದರು.

ಶಾಲೆಯ ಹಿಂದಿನ ಕೋಣೆಯಲ್ಲಿ ಅವರು ಒಬ್ಬರೇ ಇದ್ದರು, ಅಡುಗೆಯೂ ಅಲ್ಲೇ. ಒಲೆ ಹಚ್ಚಿದೆವು. ದೊಡ್ಡ ಗಡಿಗೆಗೆ ಹುರುಳಿ, ಅದರ ಮೇಲೆ ಕೆಂಪು ಡಬ್ಬಿ, ಹಳದಿ ಡಬ್ಬಿ. ಬೆರೆಯುವ ಮೊದಲು ಎಣಿಸೋಣವೇ ಅಂದೆ. "ಬ್ಯಾಡ. ಎಣಿಸಿದ್ರ ನನಗ ಗೊತ್ತಾಗತೈತಿ. ಗೊತ್ತಾದದ್ದನ್ನ ಯಾವತ್ತಾರ ಬಾಯಿ ಬಿಟ್ಟೇನು." ಹೊಲವಿಲ್ಲದ ಮನೆಯ ಹುಡುಗರು ಹುಣಸೆ ಬೀಜ ತಂದಿದ್ದರು, ಅವು ಬೇಯುವುದಿಲ್ಲವೆಂದು ಮೊದಲೇ ಆರಿಸಿ ಕೆಂಡಕ್ಕೆ ಹಾಕಿ ಹುರಿದೆವು. ಒಂದೊಂದು ಸಿಡಿದಾಗಲೂ ನಾನು ಬೆಚ್ಚುತ್ತಿದ್ದೆ. ಒಲೆಯ ಹೊಗೆ ಗೇಟಿನ ಕಡೆಗೇ ಹೋಗುತ್ತಿತ್ತು.

ಒಂದೂವರೆಗೆ ಗುಗ್ಗರಿ ಇಳಿಸಿ ಉಪ್ಪು ಹಾಕಿದರು. ಮುತ್ತುಗದ ಎಲೆಯಲ್ಲಿ ಹುಡುಗರಿಗೆಲ್ಲ ಹಂಚಿದೆವು. ಆಮೇಲೆ ಮೇಷ್ಟ್ರು ತಾವೇ ಒಂದು ಎಲೆ ಹಿಡಿದು ಗೇಟಿಗೆ ಹೋದರು.

"ಬಿಸಲಾಗ ಕುಂತೀಯಪ್ಪ. ತಗೋ."

ಆ ಆಳು ದೊಣ್ಣೆ ಒರಗಿಸಿಟ್ಟು ಎಲೆ ತೆಗೆದುಕೊಂಡ. ಎರಡು ಬಾಯಿ ತಿಂದು, "ಕೆಲವು ಕಾಳು ಸರಿಯಾಗಿ ಬೆಂದಿಲ್ಲ ಸಾಮಿ," ಅಂದ.

"ಅವು ವೋಟಪ್ಪ. ಸ್ವಲ್ಪ ಗಟ್ಟಿ ಇರ್ತಾವು."

ಅವನಿಗೆ ತಮಾಷೆ ಅರ್ಥವಾಗಲಿಲ್ಲ, ನನಗೆ ನಗು ಬರಲಿಲ್ಲ. ತರಗತಿಯಲ್ಲಿ ಎಲ್ಲರೂ ತಿನ್ನುತ್ತಿದ್ದರು. ದೊಡ್ಡಮನೆಯ ಹುಡುಗ ಮಾತ್ರ ಎಲೆ ಹಿಡಿದುಕೊಂಡು ನಿಂತೇ ಇದ್ದ. ಈರಣ್ಣ ಅವನ ಪಕ್ಕಕ್ಕೆ ಹೋಗಿ, "ತಿನ್ನೋ," ಅಂದ. ಅವನು ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡ. ನಾನು ಅದನ್ನು ಹೆದರಿಕೆ ಎಂದುಕೊಂಡೆ.

ಎರಡು ಗಂಟೆಗೆ ಗಾಡಿಯ ಸದ್ದು. ರುದ್ರಪ್ಪ, ಅವರ ಹಿಂದೆ ಬೆನ್ನು ಬಾಗಿದ ಕಣಜದ ತಾತ. ಖಾಲಿ ಡಬ್ಬಿಗಳು, ಅವುಗಳ ಮೇಲೆ ನೀಟಾಗಿ ಮಡಿಸಿಟ್ಟ ವಲ್ಲಿ. ರುದ್ರಪ್ಪ ಮೊದಲು ವಲ್ಲಿಯನ್ನು ನೋಡಿದರು, ಆಮೇಲೆ ಹುಡುಗರ ಕೈಯಲ್ಲಿನ ಎಲೆಗಳನ್ನು.

"ನನ್ನ ಗಂಟು ಬಿಚ್ಚಿದ್ಯಾರು?"

"ನಾನ್ರಿ. ಹುಡುಗರಿಗೆ ಹಸಿವಾಗಿತ್ತು. ನಿಮಗೂ ಐತ್ರಿ, ಬರ್ರಿ."

ರುದ್ರಪ್ಪ ಗೇಟಿಗೆ ಹೋಗಿ ದೊಣ್ಣೆ ತಂದರು. ಅದನ್ನು ಎತ್ತಿಯೇ ಮಾತಾಡಿದರು. ಮೇಷ್ಟ್ರು ಹಿಂದೆ ಸರಿಯಲಿಲ್ಲ, ಎಲೆ ನೀಡಿದ ಕೈಯನ್ನು ಇಳಿಸಲಿಲ್ಲ. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ನಡುವೆ ಹೋಗಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಗೋಡೆಗೆ ಒತ್ತಿಕೊಂಡಿದ್ದ ನನ್ನ ಬೆನ್ನಿಗೆ ಸುಣ್ಣ ಹತ್ತಿತ್ತು, ಆ ಕೋಟಿನಿಂದ ಅದು ಹೋಗಲೇ ಇಲ್ಲ.

"ತಾತ, ನೀ ನೋಡು. ಬೆಂದಿದ್ರೇನು, ಕಾಳು ಕಾಳೇ. ಯಾವ್ಯಾವ ಮನೇದು ಹೇಳು," ಅಂದರು ರುದ್ರಪ್ಪ.

ತಾತ ಮೇಷ್ಟ್ರ ಕೈಯಿಂದ ಎಲೆ ತೆಗೆದುಕೊಂಡು ಕೂತ. ಒಂದು ಅವರೆಕಾಳನ್ನು ಎತ್ತಿ ಹೆಬ್ಬೆರಳಿಂದ ಸಿಪ್ಪೆ ಜಾರಿಸಿದ. ಇನ್ನೊಂದನ್ನು ಕಚ್ಚಿದ, ಅದು ಅರೆಬೆಂದದ್ದು, ಕಟಕ್ ಅಂತು. ಅವನಿಗೆ ಗೊತ್ತಾಯಿತು. ನಾನು ಒಕ್ಕಲು ಮಗ, ಆ ಬೆರಳುಗಳನ್ನು ಬಲ್ಲೆ. ಅವನು ಹುಡುಗರ ಮುಖಗಳ ಮೇಲೆ ಒಂದು ಸುತ್ತು ಕಣ್ಣಾಡಿಸಿ ಇನ್ನೊಂದು ಹಿಡಿ ಬಾಯಿಗೆ ಹಾಕಿಕೊಂಡ.

"ಬೆಂದ ಕಾಳಿಗೆ ಮನೆಯಿಲ್ಲ ರುದ್ರಪ್ಪಾರೇ," ಅಂದ. "ಉಪ್ಪು ಸಾಲದು."

ಆ ಸಲ ದೊಡ್ಡಮನೆ ಯಜಮಾನರು ಸೋತರು. ಸೋತವರ ಸಿಟ್ಟಿಗೆ ಕೈಯಲ್ಲಿದ್ದದ್ದು ಒಂದೇ ಹೆಸರು, ಬೇಯುವ ಮೊದಲು ಹೊರಬಿದ್ದ ಆ ಒಂದು ಅಲಸಂದೆ. ಯುಗಾದಿಗೆ ಕೆಂಚಪ್ಪನ ಗುತ್ತಿಗೆ ಬಿಡಿಸಿದರು. ಅವನು ಹೆಂಡತಿಯೊಂದಿಗೆ ಹಿಂದೂಪುರದ ಕಡೆ ಕಲ್ಲು ಒಡೆಯಲು ಹೋದ. ಮೇಷ್ಟ್ರಿಗೆ ಮೇಲಿನಿಂದ ಕಾಗದ ಬಂತು, ಕೆಲಸ ಹೋಯಿತು. ಅವರು ಟ್ರಂಕು, ಗಡಿಗೆ, ಎರಡು ಡಬ್ಬಿಗಳ ಜೊತೆಗೆ ಈರಣ್ಣನನ್ನೂ ಗಾಡಿಗೆ ಹತ್ತಿಸಿಕೊಂಡರು. "ಎಂಟು ಮುಗಿಸ್ತಾನ, ಮಗ್ಗ ಕಲೀತಾನ. ಓದಿದವ ಅಂತ ಅರ್ಜಿ ಹಾಕಿದ್ರ ಹೊಲ ಇರದಿದ್ರೂ ಇವನಿಗೆ ವೋಟು ಬರ್ತೈತ್ರಿ." ನನಗೆ ಯಾವ ಕಾಗದವೂ ಬರಲಿಲ್ಲ. ನಾನು ಅಲ್ಲೇ ಉಳಿದೆ, ಆ ಗಡಿಯಾರದ ಕೆಳಗೆ.

ನಡುವೆ ಒಮ್ಮೆ ರಾಯದುರ್ಗಕ್ಕೆ ಹೋಗಿ ಅವರನ್ನು ಕಂಡಿದ್ದೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ನನ್ನ ತಪ್ಪಿನ ಮಾತು ತೆಗೆಯಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಅವರು ಲಾಳಿ ಹಾಯಿಸಿದರು, ಆ ಸದ್ದಿನಲ್ಲಿ ಮಾತು ಮುಳುಗಿತು. ಬೇಕೆಂದೇ ಮಾಡಿದರೇನೋ. ಹೊರಡುವಾಗ ನನ್ನ ಕಣ್ಣ ಕೆಳಗೆ ನೋಡಿ, "ನಿದ್ದಿ ಮಾಡ್ರಿ," ಅಂದರು. ಅದೊಂದೇ ನನ್ನಿಂದ ಆಗದ ಕೆಲಸವಾಗಿತ್ತು. ಮಲಗಿದರೆ ಟಕ್, ಟಕ್. ಎದ್ದು ಕೂತರೆ ಕಂದು ಚುಕ್ಕೆಯ ಕಾಳು.

ಮುಂದಿನ ಚುನಾವಣೆ ಬಂದದ್ದು ಮಹಾಯುದ್ಧ ಮುಗಿದ ಮೇಲೆ. ಆ ತಿಂಗಳೇ ಮೇಷ್ಟ್ರು ತೀರಿಹೋದರೆಂದು ಕಾರ್ಡು ಬಂತು. ಬರೆದವನು ಈರಣ್ಣ. ಪಾವಗಡ, ಕಲ್ಯಾಣದುರ್ಗ ದಾಟಿ ಬಸ್ಸು ಬದಲಿಸಿ ನಾನು ರಾಯದುರ್ಗ ಮುಟ್ಟಿದಾಗ ಅಲ್ಲಿ ವೋಟಿನ ದಿನ. ಬೀದಿಯ ತುಂಬ ಇಪ್ಪತ್ತೈದರ ಒಳಗಿನವರು, ಮುದುಕರನ್ನು ಕೈಹಿಡಿದು ಕರೆದೊಯ್ಯುತ್ತಿದ್ದರು. ಕೆಲವರು ಬಣ್ಣ ಹೇಳಿಕೊಡುತ್ತಿದ್ದರು. ನಾನು ಅದನ್ನು ಕಂಡು ಹಿಗ್ಗಲಿಲ್ಲ; ಈ ಊರಿನಲ್ಲಿ ಯಾವ ರುದ್ರಪ್ಪ ಯಾವ ಗೇಟಿನಲ್ಲಿ ಕೂತು ಎಣಿಸುತ್ತಿದ್ದಾನೋ ಎಂದೇ ಹುಡುಕಿದೆ.

ಈರಣ್ಣ ಆಗತಾನೆ ತನ್ನ ಮೊದಲ ವೋಟು ಹಾಕಿ ಬಂದು ಮಗ್ಗದ ಮುಂದೆ ಕೂತಿದ್ದ. ಮೇಷ್ಟ್ರ ಜಾಗದಲ್ಲಿ.

"ಬರ್ರಿ ಸಾ," ಅಂದ. ಆ ಊರಿನ ರಿ, ನಮ್ಮೂರಿನ ಸಾ.

ನಾನು ನಿಂತೇ ಹೇಳಿಬಿಟ್ಟೆ. ನನಗೆ ಗೊತ್ತಿತ್ತು, ಕಾಳಿಗೆ ಗುರುತಿರುತ್ತದೆಂದು ಗೊತ್ತಿದ್ದೂ ಸುಮ್ಮನಿದ್ದೆ, ನಿಮ್ಮಪ್ಪನ ಹೊಲ ಹೋದದ್ದು ನನ್ನಿಂದ, ಎಂದು.

ಅವನು ಲಾಳಿ ಕೆಳಗಿಟ್ಟ. "ನಿಮಗೊಬ್ಬರಿಗೇ ಗೊತ್ತಿತ್ತು ಅಂದ್ಕಂಡಿದ್ರಾ? ನಾವೂ ಒಕ್ಕಲು ಮಕ್ಕಳೇ ಅಲ್ವಾ ಸಾ. ಬೇವಿನ ಮರದ ಕೆಳಗೆ ಏನ್ ಮಾಡ್ತಿದ್ವಿ ಅಂದ್ಕಂಡ್ರಿ? ಎಲ್ಲಾ ಅದಲುಬದಲು ಮಾಡ್ಕಂಡ್ವಿ. ಒಬ್ಬನ ಕೈಯಾಗೂ ಅವನ ಮನೆ ಕಾಳು ಇರಲಿಲ್ಲ."

ನಾನು ಮಗ್ಗದ ಪಕ್ಕ ಕೂತೆ.

"ಹಂಗಾದ್ರೆ ಆ ಅಲಸಂದೆ..."

"ದೊಡ್ಡಮನೆ ಹುಡುಗನ ಕೈಯಾಗಿತ್ತು. ಅವನು ಅವರ ಮನೆ ಕಡಲೆಕಾಯಿ ಬೀಜ ನಂಗೆ ಕೊಟ್ಟು ನಂದು ಇಸ್ಕಂಡಿದ್ದ."

ಹಳದಿ ಡಬ್ಬಿಗೆ ಹಾಕಿದ್ದು ದೊಡ್ಡಮನೆಯ ಹುಡುಗ. ಎಲೆ ಹಿಡಿದು ತಿನ್ನದೆ ನಿಂತ ಆ ಮುಖ ನನಗೆ ಈಗ ಅರ್ಥವಾಯಿತು.

"ನೀನು ಒಂದು ಮಾತು ಹೇಳಿದ್ದಿದ್ರೆ ಹೊಲ ಉಳೀತಿತ್ತಲ್ಲೋ."

"ಅವನ ಕಾಲು ಮುರಿಯೋರು. ಹೊಲ ಅವರದು, ಇವತ್ತಲ್ಲ ನಾಳೆ ಕಿತ್ಕಣೋರು." ಹಾಸಿನ ಎಳೆ ಸರಿಮಾಡುತ್ತಾ ಹೇಳಿದ: "ನಮ್ಮಪ್ಪ ಸಾಯೋ ತನಕ ನನ್ನ ಕೂಡ ಸರಿಯಾಗಿ ಮಾತಾಡಲಿಲ್ಲ. ಅದು ಇದ್ದೇ ಇರ್ತದೆ ಸಾ, ಹೋಗಾಕಿಲ್ಲ. ಮೇಷ್ಟ್ರಿಗೆ ಒಂದು ದಿನ ಹೇಳಾಕ ಹೋದೆ. ಬಾಯಿ ಮ್ಯಾಲೆ ಕೈ ಇಟ್ರು. ಅವರು ಕೊಟ್ಟ ಮಾತು ಅಲ್ವಾ. ಅವರು ಇರೋ ತನಕ ನಾನೂ ಬಾಯಿ ಬಿಡಲಿಲ್ಲ. ಈಗ್ಲೂ ಹೇಳ್ತಿರಲಿಲ್ಲ, ನಿಮ್ಮ ಮುಖ ನೋಡಿ ಹೇಳ್ದೆ."

"ಆ ಕಡಲೆ ಬೀಜ? ನೀನು ಯಾವ ಡಬ್ಬಿಗೆ ಹಾಕಿದೆ?"

ಅವನು ಲಾಳಿ ಎತ್ತಿಕೊಂಡ. ಎಡಗೈಯಲ್ಲಿ ತುಂಡಾದ ಎಳೆಯೊಂದನ್ನು ಹಿಡಿದು, ನೋಡದೆಯೇ ಒಂದೇ ಕೈಯಲ್ಲಿ ಗಂಟು ಹಾಕಿದ.

"ಅದು ಕೇಳಬಾರ್ದು ಸಾ," ಅಂದ.

ಅವನು ಮಗ್ಗದ ಪಕ್ಕದಲ್ಲಿ ಚಾಪೆ ಹಾಸಿಕೊಟ್ಟ. ಲಾಳಿ ಹೋಗಿ ಬರುತ್ತಿತ್ತು, ಟಕ್, ಸ್ವಲ್ಪ ಬಿಟ್ಟು, ಟಕ್. ನನಗೆ ಎಚ್ಚರವಾದಾಗ ಬೆಳಗಾಗಿತ್ತು, ಬೀದಿಯಲ್ಲಿ ಯಾರೋ ಎಣಿಕೆ ಯಾವತ್ತು ಶುರುವಾಗುತ್ತದೆಂದು ಜಗಳವಾಡುತ್ತಿದ್ದರು, ಮೈಮೇಲೆ ಈರಣ್ಣ ಯಾವಾಗಲೋ ಒಂದು ಹಳೆಯ ಹಳದಿ ಬಟ್ಟೆ ಹೊದಿಸಿದ್ದ.